ಎರಡು ಸೀಟು, ಒಂದು ಲೆಕ್ಕ

ಮೊಮ್ಮಗಳನ್ನು ಬಿಕಾಂಗೆ ಕ್ರೈಸ್ಟ್‌ಗೆ ಸೇರಿಸುವುದೋ ಸೇಂಟ್ ಜೋಸೆಫ್ಸ್‌ಗೋ ಎಂದು ಹೆಬ್ಬಾಳದ ಗೆಳೆಯರು ಕೇಳಿದರು. ಜೋಸೆಫ್ಸ್ ಶುರುವಾದದ್ದು 1882ರಲ್ಲಿ, ಕ್ರೈಸ್ಟ್ 1969ರಲ್ಲಿ. ಈಗ ಎರಡೂ ವಿಶ್ವವಿದ್ಯಾಲಯಗಳೇ, ಹೆಸರಿಗೆ ಕೊರತೆಯಿಲ್ಲ. ಹಾಗಾಗಿ ನಾನು ಹೇಳಿದ್ದು ಇಷ್ಟೇ: ಎರಡೂ ಕಡೆಯ ಶುಲ್ಕದ ಪಟ್ಟಿ ತರಿಸಿ, ಬಸ್ ಖರ್ಚನ್ನೂ ಸೇರಿಸಿ ಕೂಡಿ.

ಮೂರು ವರ್ಷಕ್ಕೆ ವ್ಯತ್ಯಾಸ 3 ಲಕ್ಷ ಬಂತೆನ್ನೋಣ. ಅಷ್ಟನ್ನು ಶೇ 10ರ ಬಡ್ಡಿಗೆ ಸಾಲ ಮಾಡಿ 60 ಕಂತಿನಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 6,375 ರೂಪಾಯಿ. ಓದುವಾಗಿನ ಬಡ್ಡಿ ಬೇರೆ. ದುಬಾರಿ ಸೀಟು ಸಂಬಳದಲ್ಲಿ ಅಷ್ಟು ಹೆಚ್ಚು ತರುತ್ತದೆಯೇ? ಕೆಲಸ ಸಿಕ್ಕವರ ಪಟ್ಟಿಯಲ್ಲಿ ಮೊದಲನೆಯವರ ಸಂಬಳ ಬಿಡಿ, ನಡುವಿನವರದು ಕೇಳಿ.

ಮಕ್ಕಳೇ, ಅಜ್ಜನ ಎಫ್‌ಡಿ ಮುರಿಸುವ ಮುನ್ನ ಈ ಲೆಕ್ಕ ನೀವೇ ಮಾಡಿ ತೋರಿಸಿ.