ಪೆಟ್ಟಾಗುವ ಮೊದಲೇ ನಿಯಮ ಬರಲಿ

ಅಂತರ-ತರಗತಿ ಫುಟ್ಬಾಲ್ ಪಂದ್ಯಾವಳಿಗೆ ಇನ್ನು ಹೆಚ್ಚು ದಿನಗಳಿಲ್ಲ. ಯಾವ ತರಗತಿಗೆ ಯಾವ ಬಣ್ಣದ ಜೆರ್ಸಿ, ಯಾರು ಕ್ಯಾಪ್ಟನ್, ಕಾಮರ್ಸ್‌ನವರು ಈ ಸಲವಾದರೂ ಸೈನ್ಸ್‌ನವರನ್ನು ಸೋಲಿಸುತ್ತಾರಾ ಎಂಬ ಚರ್ಚೆ ಕ್ಯಾಂಟೀನಿನಲ್ಲೂ ಬಸ್ಸಿನಲ್ಲೂ ನಡೆಯುತ್ತಿದೆ. ಈ ಚರ್ಚೆಗೆ ಇನ್ನೊಂದು ವಿಷಯವನ್ನು ಸೇರಿಸಬೇಕೆಂಬುದು ನನ್ನ ವಿನಂತಿ. ಅದು ಆಡುವವರ ಸುರಕ್ಷತೆ. "ಇದೆಲ್ಲ ದೊಡ್ಡ ಕ್ಲಬ್‌ಗಳ ವಿಷಯ, ನಮ್ಮ ಹತ್ತು-ಹದಿನೈದು ಪಂದ್ಯಗಳಿಗೆ ಯಾಕೆ?" ಎಂದು ಕೆಲವರು ಕೇಳಬಹುದು. ಹಾಗೆ ಕೇಳುವವರು 2012ರ ಮಾರ್ಚ್ ತಿಂಗಳ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಮಾರ್ಚ್ 17ರಂದು ಲಂಡನ್ನಿನಲ್ಲಿ ಎಫ್‌ಎ ಕಪ್ ಕ್ವಾರ್ಟರ್ ಫೈನಲ್ ನಡೆಯುತ್ತಿತ್ತು. ಬೋಲ್ಟನ್ ತಂಡದ 23 ವರ್ಷದ ಫ್ಯಾಬ್ರಿಸ್ ಮುವಾಂಬಾ ಯಾರ ಡಿಕ್ಕಿಯೂ ಇಲ್ಲದೆ ಮೈದಾನದಲ್ಲೇ ಕುಸಿದುಬಿದ್ದರು. ಅವರ ಹೃದಯ ನಿಂತಿತ್ತು. ವೈದ್ಯಕೀಯ ತಂಡ ಓಡಿಬಂದು ಎದೆ ಒತ್ತತೊಡಗಿತು. ಪ್ರೇಕ್ಷಕರ ನಡುವೆ ಕುಳಿತಿದ್ದ ಹೃದ್ರೋಗ ತಜ್ಞರೊಬ್ಬರು ಇಳಿದು ಬಂದು ಕೈಜೋಡಿಸಿದರು. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಯಂತ್ರ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. 78 ನಿಮಿಷ ನಿಂತಿದ್ದ ಆ ಹೃದಯ ಮತ್ತೆ ಬಡಿಯಿತು. ಮುವಾಂಬಾ ಮುಂದೆ ಫುಟ್ಬಾಲ್ ಆಡಲಿಲ್ಲ, ಆದರೆ ಬದುಕಿದ್ದಾರೆ.

ನಾಲ್ಕು ದಿನಗಳ ನಂತರ, ಮಾರ್ಚ್ 21ರಂದು, ನಮ್ಮ ಬೆಂಗಳೂರಿನ ಫುಟ್ಬಾಲ್ ಸ್ಟೇಡಿಯಂನಲ್ಲಿ ಎ ಡಿವಿಜನ್ ಲೀಗ್ ಪಂದ್ಯ ನಡೆಯುತ್ತಿತ್ತು. ಬೆಂಗಳೂರು ಮಾರ್ಸ್ ತಂಡದ 27 ವರ್ಷದ ಆಟಗಾರರೊಬ್ಬರು ಅದೇ ರೀತಿ ಕುಸಿದುಬಿದ್ದರು. ಅಲ್ಲಿ ಆಂಬುಲೆನ್ಸ್ ಇರಲಿಲ್ಲ. ಅವರನ್ನು ಆಟೋರಿಕ್ಷಾದಲ್ಲಿ ಆಸ್ಪತ್ರೆಗೆ ಸಾಗಿಸಲಾಯಿತು. ಅವರು ಉಳಿಯಲಿಲ್ಲ. ಎಲ್ಲ ವ್ಯವಸ್ಥೆ ಇದ್ದಿದ್ದರೂ ಅವರು ಉಳಿಯುತ್ತಿದ್ದರು ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಒಬ್ಬರಿಗೆ ಸಿಕ್ಕ ಅವಕಾಶ ಇನ್ನೊಬ್ಬರಿಗೆ ಸಿಗಲೇ ಇಲ್ಲ ಎಂಬುದು ಮಾತ್ರ ಖಚಿತ.

ಇದಕ್ಕೂ ಏಳು ವರ್ಷಗಳಿಗೂ ಹೆಚ್ಚು ಮೊದಲು, 2004ರ ಡಿಸೆಂಬರ್ 5ರಂದು, ಅದೇ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್ ಆಡುತ್ತಿದ್ದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಎರಡನೇ ಗೋಲು ಹೊಡೆಯುವಾಗ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದರು. ಮತ್ತೆ ಏಳಲಿಲ್ಲ. ಅವರಿಗೆ 25 ವರ್ಷ. ಅಂದರೆ ಇದು ನಮ್ಮ ರಾಜ್ಯದ ರಾಜಧಾನಿಯಲ್ಲೇ ನಡೆದಿರುವ ಸಂಗತಿ, ಎಲ್ಲೋ ದೂರದ ಕಥೆಯಲ್ಲ.

ಫುಟ್ಬಾಲ್ ನಿಯಮಗಳ ಇತಿಹಾಸವನ್ನು ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಸುರಕ್ಷತೆಯ ಬಹುಪಾಲು ನಿಯಮಗಳು ಬಂದಿರುವುದು ಆಟಗಾರರು ಏಟು ತಿಂದ ನಂತರ. 1956ರ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಗೋಲ್‌ಕೀಪರ್ ಬರ್ಟ್ ಟ್ರಾಟ್‌ಮನ್ ಎದುರಾಳಿಯ ಕಾಲಿಗೆ ಅಡ್ಡಬಿದ್ದು ಚೆಂಡು ಹಿಡಿಯುವಾಗ ಕುತ್ತಿಗೆಗೆ ಭಾರಿ ಪೆಟ್ಟಾಯಿತು. ಆಗ ಬದಲಿ ಆಟಗಾರನನ್ನು ಇಳಿಸಲು ಅವಕಾಶವಿರಲಿಲ್ಲ. ಅವರು ಹಾಗೇ ಆಡಿ ಮುಗಿಸಿದರು, ತಂಡ 3-1ರಿಂದ ಗೆದ್ದಿತು. ಕೆಲವು ದಿನಗಳ ನಂತರ ಎಕ್ಸ್‌ರೇ ತೆಗೆದಾಗ ಕುತ್ತಿಗೆಯ ಮೂಳೆ ಮುರಿದಿರುವುದು ಗೊತ್ತಾಯಿತು. ಈ ಘಟನೆಯನ್ನು ಇಂದಿಗೂ ಧೈರ್ಯದ ಉದಾಹರಣೆಯಾಗಿ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ನಿಯಮವೊಂದರ ಕೊರತೆಯ ಉದಾಹರಣೆ. ಇಂಗ್ಲೆಂಡಿನ ಲೀಗ್‌ನಲ್ಲಿ ಗಾಯಗೊಂಡವನ ಬದಲು ಇನ್ನೊಬ್ಬನನ್ನು ಇಳಿಸುವ ಅವಕಾಶ ಬಂದದ್ದು 1965ರಲ್ಲಿ, ವಿಶ್ವಕಪ್‌ಗೆ ಬಂದದ್ದು 1970ರಲ್ಲಿ.

ಶಿನ್‌ಗಾರ್ಡ್ ಕಡ್ಡಾಯವಾದದ್ದು 1990ರಲ್ಲಿ. ನೆದರ್ಲೆಂಡ್ಸ್‌ನ ಮಾರ್ಕೊ ವ್ಯಾನ್ ಬಾಸ್ಟನ್ ಪಾದದ ಗಂಟಿನ ಗಾಯದಿಂದಾಗಿ 28ನೇ ವಯಸ್ಸಿಗೇ ಕೊನೆಯ ಪಂದ್ಯ ಆಡಿದರು. ಹಿಂದಿನಿಂದ ಬಂದು ಕಾಲಿಗೆ ಬೀಳುವ ಅಪಾಯಕಾರಿ ಟ್ಯಾಕಲ್‌ಗೆ ನೇರ ರೆಡ್ ಕಾರ್ಡ್ ಎಂಬ ಕಟ್ಟುನಿಟ್ಟು ಬಂದದ್ದು 1998ರ ವಿಶ್ವಕಪ್ ಹೊತ್ತಿಗೆ. ಅದರಿಂದ ಆಟ ಸಪ್ಪೆಯಾಯಿತೇ? ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಓಡುವ ಮೆಸ್ಸಿಯನ್ನು ಇಪ್ಪತ್ತು ವರ್ಷ ನೋಡಲು ನಮಗೆ ಸಾಧ್ಯವಾದದ್ದರಲ್ಲಿ ಆ ನಿಯಮದ ಪಾಲೂ ಇದೆ. ಒರಟಾಟ ತಗ್ಗಿದಷ್ಟೂ ಕೌಶಲ್ಯಕ್ಕೆ ಜಾಗ ಹೆಚ್ಚುತ್ತದೆ.

ತಲೆಯ ಪೆಟ್ಟಿನ ವಿಷಯವನ್ನು ನಾವು ತುಂಬಾ ಹಗುರವಾಗಿ ತೆಗೆದುಕೊಳ್ಳುತ್ತೇವೆ. 2014ರ ವಿಶ್ವಕಪ್ ಫೈನಲ್‌ನಲ್ಲಿ ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್ ಮುಖಕ್ಕೆ ಎದುರಾಳಿಯ ಭುಜ ಬಡಿಯಿತು. ಎದ್ದು ಮತ್ತೆ ಆಡಿದರು. ಸ್ವಲ್ಪ ಹೊತ್ತಿನ ನಂತರ ರೆಫರಿಯ ಬಳಿ ಹೋಗಿ ಇದು ಫೈನಲ್ ಪಂದ್ಯವೇ ಎಂದು ಕೇಳಿದರು! ಇಡೀ ಜಗತ್ತು ನೋಡುತ್ತಿದ್ದ ಪಂದ್ಯದಲ್ಲಿ, ಅಷ್ಟೊಂದು ವೈದ್ಯರ ಎದುರಿನಲ್ಲಿ, ಮಿದುಳಿಗೆ ಆಘಾತವಾದ ಆಟಗಾರನೊಬ್ಬ ಓಡುತ್ತಲೇ ಇದ್ದ. ಅದೇ ವರ್ಷ ಫಿಫಾ, ತಲೆಗೆ ಪೆಟ್ಟಾದ ಆಟಗಾರನನ್ನು ಪರೀಕ್ಷಿಸಲು ಮೂರು ನಿಮಿಷ ಆಟ ನಿಲ್ಲಿಸಬಹುದು ಎಂದಿತು. ನಿಯಮ ರೂಪಿಸುವ ಮಂಡಳಿಯಾದ ಐಎಫ್‌ಎಬಿ 2021ರಲ್ಲಿ ತಲೆಯ ಪೆಟ್ಟಿಗೆಂದೇ ಹೆಚ್ಚುವರಿ ಬದಲಿ ಆಟಗಾರನ ಪ್ರಯೋಗ ಆರಂಭಿಸಿ, 2024ರಲ್ಲಿ ಅದನ್ನು ನಿಯಮ ಪುಸ್ತಕಕ್ಕೆ ಸೇರಿಸಿತು. ಹೀಗೆ ಬದಲಾದ ಆಟಗಾರ ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಕಾರಣ ಸರಳ. ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ ಎರಡನೆಯದು ಬಿದ್ದರೆ ಅಪಾಯ ಬಹಳ ಹೆಚ್ಚು.

ನಮ್ಮಲ್ಲಿ ಏನಾಗುತ್ತದೆ? ಎರಡು ತಲೆಗಳು ಢಿಕ್ಕಿಯಾಗುತ್ತವೆ. ಒಬ್ಬ ನೀರಿನ ಬಾಟಲಿ ತರುತ್ತಾನೆ, ತಲೆಗೆ ಸುರಿಯುತ್ತಾರೆ, "ಏನಾಗಿಲ್ಲ, ಎದ್ದೇಳು ಮಾರಾಯ" ಎನ್ನುತ್ತಾರೆ. ಎದ್ದು ನಿಂತವನಿಗೆ ಚಪ್ಪಾಳೆ. ಹೊರಗೆ ಕುಳಿತವನಿಗೆ "ಹೆದರಿದ" ಎಂಬ ಬಿರುದು. ಈ ಚಪ್ಪಾಳೆಯನ್ನು ನಾವು ನಿಲ್ಲಿಸಬೇಕು. ತಲೆ ಸುತ್ತುತ್ತಿದೆ, ಕಣ್ಣು ಮಂಜಾಗುತ್ತಿದೆ, ವಾಂತಿ ಬರುವಂತಾಗುತ್ತಿದೆ, ಸ್ಕೋರ್ ಎಷ್ಟೆಂದು ನೆನಪಾಗುತ್ತಿಲ್ಲ ಎಂದರೆ ಆ ಹುಡುಗನ ಆಟ ಅಂದಿಗೆ ಮುಗಿಯಿತು. ಅವನು ಬೇಡವೆಂದರೂ ಹೊರಗೆ ಕೂರಿಸಿ ವೈದ್ಯರಲ್ಲಿಗೆ ಕಳುಹಿಸಬೇಕು. ಯಾಕೆಂದರೆ ಆ ಹೊತ್ತಿನಲ್ಲಿ ನಿರ್ಧಾರ ತೆಗೆದುಕೊಳ್ಳಬೇಕಾದ ಮಿದುಳಿಗೇ ಪೆಟ್ಟಾಗಿರುತ್ತದೆ.

ಸುರಕ್ಷತೆಯ ಹೆಸರಿನಲ್ಲಿ ತಪ್ಪು ನಿಯಮವೂ ಬರಬಹುದು ಎಂಬುದನ್ನು ಇಲ್ಲಿ ಹೇಳಲೇಬೇಕು. ನಮ್ಮ ಕಾಲೇಜಿನ ವಿದ್ಯಾರ್ಥಿನಿಯರಿಗೆ ಇದು ನೇರವಾಗಿ ಸಂಬಂಧಿಸಿದ್ದು. ಕುತ್ತಿಗೆಗೆ ಅಪಾಯ ಎಂಬ ಕಾರಣ ನೀಡಿ ಫುಟ್ಬಾಲ್‌ನಲ್ಲಿ ತಲೆವಸ್ತ್ರವನ್ನು ಹಲವು ವರ್ಷ ನಿಷೇಧಿಸಲಾಗಿತ್ತು. 2011ರಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯಕ್ಕೆ ಜೋರ್ಡಾನ್‌ಗೆ ಬಂದಿದ್ದ ಇರಾನ್ ಮಹಿಳಾ ತಂಡಕ್ಕೆ ಇದೇ ಕಾರಣಕ್ಕೆ ಆಡಲು ಬಿಡಲಿಲ್ಲ. ಫಿಫಾ ಉಪಾಧ್ಯಕ್ಷರಾಗಿದ್ದ ಜೋರ್ಡಾನ್‌ನ ರಾಜಕುಮಾರ ಅಲಿ ಈ ವಿಷಯವನ್ನು ಮಂಡಳಿಯ ಮುಂದಿಟ್ಟರು. ಅಪಾಯ ಎಲ್ಲಿದೆ, ಅದನ್ನು ಹೇಗೆ ತಪ್ಪಿಸಬಹುದು ಎಂಬ ಪ್ರಶ್ನೆಗೆ ಎಳೆದರೆ ಬಿಟ್ಟುಕೊಳ್ಳುವ, ಪಿನ್ ಇಲ್ಲದ ತಲೆವಸ್ತ್ರಗಳು ಉತ್ತರವಾದವು. 2012ರಲ್ಲಿ ಪ್ರಾಯೋಗಿಕವಾಗಿ ಅನುಮತಿ ಸಿಕ್ಕಿತು, 2014ರ ಮಾರ್ಚ್‌ನಲ್ಲಿ ಅದು ಕಾಯಂ ಆಯಿತು. 2023ರ ಮಹಿಳಾ ವಿಶ್ವಕಪ್‌ನಲ್ಲಿ ಮೊರಾಕ್ಕೊದ ನುಹೈಲಾ ಬೆಂಝಿನಾ ಹಿಜಾಬ್ ಧರಿಸಿ ಆಡಿದರು. ಆಟಗಾರ್ತಿಯನ್ನು ಹೊರಗಿಡುವುದಲ್ಲ, ಅಪಾಯವನ್ನು ಹೊರಗಿಡುವುದು ಸರಿಯಾದ ನಿಯಮದ ಕೆಲಸ. ಇದೇ ಮಾತು ನಮಗೂ ಅನ್ವಯಿಸುತ್ತದೆ. ಆಡುವಾಗ ಸೂಜಿಪಿನ್ ಬೇಡ, ತಲೆಗೆ ಬಿಗಿಯಾಗಿ ಕೂರುವ ಆಟದ ಸ್ಕಾರ್ಫ್ ಸಾಕು. ಉಂಗುರ, ಬಳೆ, ಸರ, ವಾಚು ಹುಡುಗರಿಗೂ ಬೇಡ, ಹುಡುಗಿಯರಿಗೂ ಬೇಡ.

ಇನ್ನು ಮೈದಾನದ ವಿಷಯ. ಗೋಲ್‌ಪೋಸ್ಟನ್ನು, ಅದು ಎತ್ತಿಕೊಂಡು ಹೋಗುವಂಥದ್ದಾದರೂ ಸರಿ, ನೆಲಕ್ಕೆ ಭದ್ರವಾಗಿ ಕಟ್ಟಿರಬೇಕು ಎಂದು ಫುಟ್ಬಾಲ್‌ನ ಮೊದಲ ನಿಯಮವೇ ಹೇಳುತ್ತದೆ. ಕಬ್ಬಿಣದ ಪೋಸ್ಟ್ ಮುಂದಕ್ಕೆ ಮಗುಚಿದರೆ ಕೆಳಗಿದ್ದವನ ಗತಿ ಏನೆಂದು ಹೇಳಬೇಕಿಲ್ಲ. ಅದಕ್ಕೆ ಜೋತುಬೀಳುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ನಮ್ಮ ಕೆಂಪು ಮಣ್ಣಿನ ನೆಲ ಬೇಸಿಗೆಯಲ್ಲಿ ಸಿಮೆಂಟಿನಷ್ಟು ಗಟ್ಟಿ, ಮಳೆಗಾಲದಲ್ಲಿ ಜಾರುಬಂಡಿ. ಹುಲ್ಲು ಬೆಳೆಸಲು ವರ್ಷಗಳು ಬೇಕಾಗಬಹುದು. ಆದರೆ ಪಂದ್ಯದ ಹಿಂದಿನ ದಿನ ಇಪ್ಪತ್ತು ಜನ ಸಾಲಾಗಿ ನಡೆದು ಕಲ್ಲು, ಗಾಜಿನ ಚೂರು, ಮೊಳೆ ಹೆಕ್ಕಲು ಅರ್ಧ ಗಂಟೆ ಸಾಕು. ಗುಂಡಿಗೆ ಮಣ್ಣು ತುಂಬಲು ಇನ್ನರ್ಧ ಗಂಟೆ. ಗೆರೆಯ ಪಕ್ಕದಲ್ಲೇ ಬೈಕ್ ನಿಲ್ಲಿಸಿದರೆ ಓಡಿಬಂದವನು ಅದಕ್ಕೇ ಬಡಿಯುತ್ತಾನೆ.

ಕೃತಕ ಹುಲ್ಲಿನ ಟರ್ಫ್ ಬಾಡಿಗೆಗೆ ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. 2015ರ ಮಹಿಳಾ ವಿಶ್ವಕಪ್ ಇಡೀ ಕೃತಕ ಹುಲ್ಲಿನ ಮೇಲೆ ನಡೆದಾಗ ಹೆಸರಾಂತ ಆಟಗಾರ್ತಿಯರೇ ಅದನ್ನು ವಿರೋಧಿಸಿ ಕಾನೂನಿನ ಮೊರೆ ಹೋಗಿದ್ದರು. ಜಾರಿ ಬಿದ್ದರೆ ಚರ್ಮ ಸುಲಿಯುತ್ತದೆ, ಬಿಸಿಲಿಗೆ ಅದು ಕಾವಲಿಯಂತೆ ಕಾಯುತ್ತದೆ. ಉದ್ದ ಸ್ಟಡ್‌ನ ಬೂಟು ಸಿಕ್ಕಿಕೊಂಡರೆ ಮೊಣಕಾಲು ತಿರುಚುತ್ತದೆ. ಟರ್ಫ್‌ಗೆ ಗಿಡ್ಡ ಸ್ಟಡ್‌ನ ಬೂಟೇ ಬೇಕು.

ಬಿಸಿಲು ಮತ್ತು ಸಿಡಿಲನ್ನೂ ಮರೆಯುವಂತಿಲ್ಲ. 2014ರ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್-ಮೆಕ್ಸಿಕೊ ಪಂದ್ಯವನ್ನು ಬಿಸಿಲಿಗಾಗಿ ಅಧಿಕೃತವಾಗಿ ನಿಲ್ಲಿಸಿ ಆಟಗಾರರಿಗೆ ನೀರು ಕೊಡಲಾಯಿತು. 2024ರಲ್ಲಿ ಇಂಡೋನೇಷ್ಯಾದಲ್ಲೂ ಪೆರುವಿನಲ್ಲೂ ಆಟದ ಮೈದಾನದಲ್ಲೇ ಸಿಡಿಲು ಬಡಿದು ಆಟಗಾರರು ಸತ್ತರು. ಮಳೆ ಬಂದರೆ ಆಟಕ್ಕೆ ಮಜಾ ಹೆಚ್ಚು, ನಿಜ. ಆದರೆ ಗುಡುಗು ಕೇಳಿಸಿದ ಕೂಡಲೇ ಎಲ್ಲರೂ ಕಟ್ಟಡದೊಳಗೆ ಹೋಗಬೇಕು, ಮರದ ಕೆಳಗಲ್ಲ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು.

ಹಾಗಾದರೆ ಈ ಪಂದ್ಯಾವಳಿಗೆ ನಾವು ಏನು ಮಾಡಬಹುದು? ಪಿ.ಟಿ. ಸರ್ ಅವರಿಗೂ ಕ್ರೀಡಾ ಸಮಿತಿಗೂ ನನ್ನ ಸಲಹೆಗಳು ಇವು:

1. ಶಿನ್‌ಗಾರ್ಡ್ ಇಲ್ಲದವರು ಮೈದಾನಕ್ಕಿಳಿಯಬಾರದು. ಎಲ್ಲರೂ ಕೊಳ್ಳಬೇಕಿಲ್ಲ. ಎರಡು ತಂಡಗಳಿಗೆ ಸಾಕಾಗುವಷ್ಟು ಜೋಡಿ ಕಾಲೇಜಿನಲ್ಲಿದ್ದರೆ ಪ್ರತಿ ಪಂದ್ಯಕ್ಕೂ ಅವನ್ನೇ ಬಳಸಬಹುದು.

2. ಬದಲಾಗಿ ಹೊರಹೋದವರು ಮತ್ತೆ ಒಳಬರುವ ಅವಕಾಶವಿರಲಿ. ಕಿರಿಯರ ಮತ್ತು ತಳಮಟ್ಟದ ಆಟಕ್ಕೆ ಈ ಸಡಿಲಿಕೆಯನ್ನು ಫುಟ್ಬಾಲ್ ನಿಯಮ ಪುಸ್ತಕವೇ ಒಪ್ಪುತ್ತದೆ. ಹೊರಗೆ ಹೋದರೆ ಆಟ ಮುಗಿಯಿತು ಎಂಬ ಭಯ ಇಲ್ಲದಿದ್ದರೆ ನೋವನ್ನು ಯಾರೂ ಮುಚ್ಚಿಡುವುದಿಲ್ಲ. ತಲೆಗೆ ಪೆಟ್ಟಾದವರಿಗೆ ಮಾತ್ರ ಈ ಅವಕಾಶ ಬೇಡ.

3. ಹಿಂದಿನಿಂದ ಕಾಲಿಗೆ ಬೀಳುವುದು, ಮೊಣಕೈ ಬೀಸುವುದು ಕಂಡರೆ ರೆಫರಿ ಕಾರ್ಡ್ ತೋರಿಸಲು ಹಿಂಜರಿಯಬಾರದು. ರೆಫರಿಯ ಸುತ್ತ ಗುಂಪುಗೂಡಿ ಕೂಗಾಡುವ ತಂಡಕ್ಕೂ ಶಿಕ್ಷೆ ಇರಲಿ.

4. ಮಧ್ಯಾಹ್ನದ ಬಿಸಿಲಿನಲ್ಲಿ ಪಂದ್ಯ ಬೇಡ. ಬೆಳಗ್ಗೆ ಅಥವಾ ಸಂಜೆ ಇರಲಿ, ಪ್ರತಿ ಅರ್ಧದಲ್ಲೂ ನೀರಿಗೆ ಒಂದು ವಿರಾಮ ಕೊಡಲಿ.

5. ಪಂದ್ಯದ ದಿನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಐಸ್ ಮತ್ತು ಗೇಟಿನ ಬಳಿ ಸಿದ್ಧವಾಗಿರುವ ಒಂದು ವಾಹನ ಇರಬೇಕು. 108ಕ್ಕೆ ಯಾರು ಫೋನ್ ಮಾಡಬೇಕು, ಗೇಟಿನಲ್ಲಿ ಯಾರು ನಿಲ್ಲಬೇಕು ಎಂಬುದು ಮೊದಲೇ ನಿರ್ಧಾರವಾಗಿರಲಿ.

6. ಪ್ರತಿ ತಂಡದಲ್ಲಿ ಇಬ್ಬರಾದರೂ ಸಿಪಿಆರ್ ಕಲಿತಿರಲಿ. ಎದೆಯ ನಡುವೆ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಒಬ್ಬ ವೈದ್ಯರನ್ನೋ ನರ್ಸನ್ನೋ ಕರೆದರೆ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು.

"ಇದಕ್ಕೆಲ್ಲ ಹಣ ಎಲ್ಲಿದೆ?" ಎಂಬ ಪ್ರಶ್ನೆ ಬರುವುದು ಸಹಜ. ಮೇಲಿನ ಪಟ್ಟಿಯಲ್ಲಿ ಹಣ ಬೇಡುವುದು ಶಿನ್‌ಗಾರ್ಡ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ವಾಹನ ಮಾತ್ರ. ಟ್ರೋಫಿ ಒಂದಿಷ್ಟು ಚಿಕ್ಕದಾದರೆ, ಬ್ಯಾನರ್ ಒಂದು ಕಡಿಮೆಯಾದರೆ ಅದರಲ್ಲಿ ಬಹುಪಾಲು ಹೊಂದಿಸಬಹುದು. ಡಿಫಿಬ್ರಿಲೇಟರ್ ಯಂತ್ರ ದುಬಾರಿ, ನಿಜ. ಅದನ್ನು ಹಳೆ ವಿದ್ಯಾರ್ಥಿಗಳ ಸಂಘ ಯೋಚಿಸಲಿ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಮೈದಾನದಲ್ಲೇ ಹೃದಯ ನಿಂತು ಬಿದ್ದ ಡೆನ್ಮಾರ್ಕ್‌ನ ಕ್ರಿಸ್ಟಿಯನ್ ಎರಿಕ್ಸನ್ ಅದೇ ಯಂತ್ರದ ನೆರವಿನಿಂದ ಬದುಕುಳಿದು, ಎಂಟು ತಿಂಗಳ ನಂತರ ಮತ್ತೆ ಬೂಟು ಕಟ್ಟಿ ಮೈದಾನಕ್ಕಿಳಿದರು. ಆ ಯಂತ್ರ ಆಟದ ದಿನ ಮಾತ್ರವಲ್ಲ, ನಮ್ಮ ಉಪನ್ಯಾಸಕರಿಗೂ, ಸಿಬ್ಬಂದಿಗೂ, ಕಾಲೇಜಿಗೆ ಬರುವ ಪೋಷಕರಿಗೂ ಉಪಯೋಗಕ್ಕೆ ಬರುತ್ತದೆ.

ಈ ಆರರಲ್ಲಿ ಯಾವುದನ್ನು ಈ ಸಲವೇ ಜಾರಿಗೆ ತರಬಹುದು ಎಂಬುದನ್ನು ಕ್ರೀಡಾ ಸಮಿತಿ ಟೀಮ್ ಪಟ್ಟಿ ಹಾಕುವ ದಿನವೇ ನೋಟಿಸ್ ಬೋರ್ಡಿನಲ್ಲಿ ಹಾಕಲಿ. ಕಲ್ಲು ಹೆಕ್ಕಲು ಮತ್ತು ಗೋಲ್‌ಪೋಸ್ಟ್ ಕಟ್ಟಲು ಯಾರ ಅನುಮತಿಯೂ ಬೇಕಾಗಿಲ್ಲ, ಕ್ಯಾಪ್ಟನ್‌ಗಳು ತಮ್ಮ ತಂಡ ಕರೆದುಕೊಂಡು ಬಂದರೆ ಸಾಕು.