ಎಲೆಕ್ಟ್ರಿಕ್ ಕಾರು: ಮೊದಲು ಪ್ಲಗ್, ಆಮೇಲೆ ಬುಕಿಂಗ್

2025ರ ಸೆಪ್ಟೆಂಬರ್ 22ರಿಂದ ಹೊಸ ಜಿಎಸ್‌ಟಿ ದರಗಳು ಜಾರಿಗೆ ಬಂದಾಗ ಸುದ್ದಿಯಾದದ್ದು ಸಣ್ಣ ಪೆಟ್ರೋಲ್ ಕಾರುಗಳು. ಸೆಸ್ ಸೇರಿ ಶೇ 29ರಷ್ಟಿದ್ದ ತೆರಿಗೆ ಶೇ 18ಕ್ಕೆ ಇಳಿಯಿತು. ಎಲೆಕ್ಟ್ರಿಕ್ ಕಾರಿನ ಮೇಲಿನ ತೆರಿಗೆ 2019ರ ಆಗಸ್ಟ್‌ನಿಂದ ಇದ್ದಂತೆ ಶೇ 5ರಲ್ಲೇ ಉಳಿಯಿತು. ಅದು ಯಾರ ಗಮನಕ್ಕೂ ಅಷ್ಟಾಗಿ ಬರಲಿಲ್ಲ. ಆದರೆ ‘ಈಗಲೇ ತಗೊಳ್ಳೋಣವಾ, ಇನ್ನೆರಡು ವರ್ಷ ಕಾಯೋಣವಾ’ ಎಂದು ತೂಗಿ ನೋಡುತ್ತಿದ್ದ ನಮ್ಮಂಥವರ ಲೆಕ್ಕ ಅಂದಿನಿಂದ ಬದಲಾಗಿದೆ.

ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ಈ ಪ್ರಶ್ನೆ ವರ್ಷದಿಂದ ಬೆನ್ನು ಹತ್ತಿದೆ. ಮನೆಯಲ್ಲಿ ಒಂಬತ್ತು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದೆ. ಹುಬ್ಬಳ್ಳಿಯಲ್ಲಿ ಅಪ್ಪ, ಅವ್ವ ಇದ್ದಾರೆ. ವರ್ಷಕ್ಕೆ ನಾಲ್ಕೈದು ಸಲ ಹೋಗಿಬರುವುದು ಇದ್ದೇ ಇದೆ. ಆಫೀಸಿನ ಊಟದ ಟೇಬಲ್ಲಿನಲ್ಲಿ ಕನ್ನಡದವರು ಸೇರಿದರೆ ಫ್ಲ್ಯಾಟ್ ಬೆಲೆ ಬಿಟ್ಟರೆ ಹೆಚ್ಚು ಚರ್ಚೆ ಇದರದ್ದೇ. ಮಾತೆಲ್ಲ ಬ್ಯಾಟರಿ, ರೇಂಜ್, ಹೊಸ ಮಾಡೆಲ್‌ಗಳ ಬಗ್ಗೆ. ಕಾಗದ ಪೆನ್ನು ಹಿಡಿದು ಕೂತರೆ ಮಾತ್ರ, ಹೊರರಾಜ್ಯದಲ್ಲಿ ಬಾಡಿಗೆ ಮನೆಯಲ್ಲಿರುವವರಿಗೆ ಉತ್ತರ ಬೇರೆ ಕಡೆ ಸಿಗುತ್ತದೆ: ರಾತ್ರಿ ಕಾರು ನಿಲ್ಲುವ ಜಾಗದಲ್ಲಿ.

ಎಷ್ಟು ಕಿ.ಮೀ. ಓಡಿಸುತ್ತೀರಿ?

ಒಂದು ಲೆಕ್ಕ ನೋಡೋಣ. ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಆಟೊಮ್ಯಾಟಿಕ್ ಕಾರಿನ ಶೋರೂಮ್ ಬೆಲೆ ₹11 ಲಕ್ಷ ಎಂದುಕೊಳ್ಳಿ. ಹೆಚ್ಚು ಕಡಿಮೆ ಅದೇ ಗಾತ್ರದ ಎಲೆಕ್ಟ್ರಿಕ್ ಕಾರು ₹14 ಲಕ್ಷ. ಮಹಾರಾಷ್ಟ್ರದಲ್ಲಿ ₹10 ಲಕ್ಷದಿಂದ ₹20 ಲಕ್ಷದ ಪೆಟ್ರೋಲ್ ಕಾರಿಗೆ ಶೇ 12ರಷ್ಟು ಮೋಟಾರು ವಾಹನ ತೆರಿಗೆ ಇದೆ, ಅಂದರೆ ₹1.32 ಲಕ್ಷ. ಎಲೆಕ್ಟ್ರಿಕ್ ಕಾರಿಗೆ ಆ ತೆರಿಗೆಯಿಂದ ವಿನಾಯಿತಿ ಇದೆ. ಹಾಗಾಗಿ ನಿಜವಾದ ಅಂತರ ₹1.68 ಲಕ್ಷ.

ಪೆಟ್ರೋಲ್ ಲೀಟರಿಗೆ ₹100, ಮೈಲೇಜ್ 14 ಕಿ.ಮೀ. ಎಂದರೆ ಕಿಲೋಮೀಟರಿಗೆ ₹7ಕ್ಕೂ ಹೆಚ್ಚು. ಎಲೆಕ್ಟ್ರಿಕ್ ಕಾರು ಒಂದು ಯೂನಿಟ್‌ಗೆ ಆರೇಳು ಕಿ.ಮೀ. ಓಡುತ್ತದೆ. ಮನೆಯಲ್ಲಿ ಯೂನಿಟ್‌ಗೆ ₹10 ಹಿಡಿದು, ಚಾರ್ಜಿಂಗ್‌ನಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ಕಿಲೋಮೀಟರಿಗೆ ₹1.60. ಉಳಿತಾಯ ಸುಮಾರು ₹5.50. ಅಂತರದ ದುಡ್ಡು ವಾಪಸ್ ಬರಲು ಸುಮಾರು 30 ಸಾವಿರ ಕಿ.ಮೀ. ಓಡಬೇಕು.

ಇದೇ ಪೆಟ್ರೋಲ್ ಕಾರು ಹಳೆಯ ಜಿಎಸ್‌ಟಿಯಲ್ಲಿ ₹12 ಲಕ್ಷ ದಾಟುತ್ತಿತ್ತು. ರಾಜ್ಯದ ತೆರಿಗೆ ಸೇರಿದರೆ ಸುಮಾರು ₹13.5 ಲಕ್ಷ. ಆಗ ಎಲೆಕ್ಟ್ರಿಕ್ ಕಾರಿಗೂ ಅದಕ್ಕೂ ಅಂತರ ₹50 ಸಾವಿರದ ಆಸುಪಾಸು. 10 ಸಾವಿರ ಕಿ.ಮೀ. ಓಡಿದರೆ ವಸೂಲಾಗುತ್ತಿತ್ತು. ಜಿಎಸ್‌ಟಿ ಬದಲಾದ ಮೇಲೆ ಆ ಹತ್ತು ಸಾವಿರ ಮೂವತ್ತು ಸಾವಿರವಾಗಿದೆ. ವರ್ಷಕ್ಕೆ 12 ಸಾವಿರ ಕಿ.ಮೀ. ಓಡಿಸುವವರಿಗೆ ಇದು ಎರಡೂವರೆ ವರ್ಷದ ಮಾತು, ದೊಡ್ಡದಲ್ಲ. ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡಿ, ವರ್ಷಕ್ಕೆ 5 ಸಾವಿರ ಕಿ.ಮೀ. ಮಾತ್ರ ಓಡಿಸುವವರಿಗೆ ಆರು ವರ್ಷ ಬೇಕು. ಎಷ್ಟೋ ಜನ ಅಷ್ಟರಲ್ಲಿ ಊರೇ ಬದಲಿಸಿರುತ್ತಾರೆ.

ಕಾದರೆ ಏನು ಸಿಗುತ್ತದೆ?

‘ಬ್ಯಾಟರಿ ಬೆಲೆ ಇಳಿಯುತ್ತಿದೆ, ಕಾಯಿರಿ’ ಎಂಬುದು ಎಲ್ಲರೂ ಹೇಳುವ ಮಾತು. ಇಳಿಯುತ್ತಿರುವುದು ನಿಜ. ಬ್ಲೂಮ್‌ಬರ್ಗ್ ಎನ್‌ಇಎಫ್ ಸಂಸ್ಥೆಯ ಸಮೀಕ್ಷೆಯ ಪ್ರಕಾರ ಲಿಥಿಯಂ ಅಯಾನ್ ಬ್ಯಾಟರಿ ಪ್ಯಾಕಿನ ಜಾಗತಿಕ ಸರಾಸರಿ ಬೆಲೆ ಕಿಲೋವ್ಯಾಟ್ ಅವರ್‌ಗೆ 2024ರಲ್ಲಿ 115 ಡಾಲರ್ ಇತ್ತು, 2025ರಲ್ಲಿ 108 ಡಾಲರ್ ಆಯಿತು. 45 ಕಿಲೋವ್ಯಾಟ್ ಅವರ್ ಬ್ಯಾಟರಿಯ ಕಾರಿಗೆ ಇದನ್ನು ಗುಣಿಸಿದರೆ ವರ್ಷದ ಇಳಿಕೆ 315 ಡಾಲರ್, ಅಂದರೆ ₹30 ಸಾವಿರದೊಳಗೆ. ಅದಷ್ಟೂ ಗ್ರಾಹಕನಿಗೇ ಸಿಗುತ್ತದೆ ಎಂಬ ಖಾತರಿಯೂ ಇಲ್ಲ. ವರ್ಷಕ್ಕೆ 12 ಸಾವಿರ ಕಿ.ಮೀ. ಓಡಿಸುವವರು ಅದೇ ವರ್ಷದಲ್ಲಿ ಇಂಧನದಲ್ಲೇ ₹66 ಸಾವಿರ ಉಳಿಸಬಹುದಿತ್ತು. ಅಂಥವರಿಗೆ ಬ್ಯಾಟರಿ ಅಗ್ಗವಾಗಲೆಂದು ಕಾಯುವುದರಲ್ಲಿ ಲಾಭವಿಲ್ಲ. 5 ಸಾವಿರ ಕಿ.ಮೀ. ಓಡಿಸುವವರಿಗೆ ಎರಡೂ ಸರಿಸಮ.

ತಂತ್ರಜ್ಞಾನದ ಮಾತೂ ಹಾಗೆಯೇ. ಸಾಲಿಡ್ ಸ್ಟೇಟ್ ಬ್ಯಾಟರಿ ಬರಲಿ ಎಂದು ಕಾಯುವವರಿದ್ದಾರೆ. ಅದು ಬಂದರೂ ಮೊದಲು ಬರುವುದು ದುಬಾರಿ ಕಾರುಗಳಿಗೆ. ನಮ್ಮ ಬಜೆಟ್ಟಿಗೆ ಇಳಿಯಲು ಇನ್ನೂ ಕೆಲವು ವರ್ಷ ಹಿಡಿಯುತ್ತದೆ. ಇತ್ತ ಈಗಿನ ಕಾರುಗಳು ಆಗಲೇ ಸಾಕಷ್ಟು ಮುಂದೆ ಬಂದಿವೆ. 2020ರ ಜನವರಿಯಲ್ಲಿ ನೆಕ್ಸಾನ್ ಇವಿ ಬಂದಾಗ ಅದರ ಬ್ಯಾಟರಿ 30.2 ಕಿಲೋವ್ಯಾಟ್ ಅವರ್, ಆರಂಭಿಕ ಬೆಲೆ ₹13.99 ಲಕ್ಷ. 2024ರ ಸೆಪ್ಟೆಂಬರ್‌ನಲ್ಲಿ 45 ಕಿಲೋವ್ಯಾಟ್ ಅವರ್ ಮಾದರಿಯೂ ಅದೇ ಬೆಲೆಯ ಆಸುಪಾಸಿನಲ್ಲಿ ಬಂತು. ಬಿಸಿಲನ್ನೂ ಪದೇ ಪದೇ ಪೂರ್ತಿ ಚಾರ್ಜ್ ಮಾಡುವುದನ್ನೂ ಚೆನ್ನಾಗಿ ತಾಳಿಕೊಳ್ಳುವ ಎಲ್‌ಎಫ್‌ಪಿ ಬ್ಯಾಟರಿ ಈಗ ಸಾಮಾನ್ಯವಾಗಿದೆ.

ಕಾಯುವುದಕ್ಕೂ ಅಪಾಯವಿದೆ: ವಿನಾಯಿತಿಗಳು ಶಾಶ್ವತವಲ್ಲ. ಎಲೆಕ್ಟ್ರಿಕ್ ವಾಹನ ಸಾಲದ ಬಡ್ಡಿಗೆ ಆದಾಯ ತೆರಿಗೆಯ 80ಇಇಬಿ ಸೆಕ್ಷನ್ನಿನಲ್ಲಿ ವರ್ಷಕ್ಕೆ ₹1.5 ಲಕ್ಷದವರೆಗೆ ಕಡಿತ ಸಿಗುತ್ತಿತ್ತು. 2023ರ ಮಾರ್ಚ್ 31ರ ನಂತರ ಮಂಜೂರಾದ ಸಾಲಕ್ಕೆ ಅದಿಲ್ಲ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಖಾಸಗಿ ಕಾರಿಗೆ ಸಬ್ಸಿಡಿ ಇಲ್ಲ. ನಮ್ಮ ಕರ್ನಾಟಕ 2024ರಲ್ಲಿ ₹25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಶೇ 10ರಷ್ಟು ಜೀವಿತಾವಧಿ ತೆರಿಗೆ ಹಾಕಿತು. ಹೈದರಾಬಾದ್‌ನಲ್ಲಿರುವವರು ಗಮನಿಸಬೇಕು, 2024ರ ನವೆಂಬರ್‌ನಲ್ಲಿ ತೆಲಂಗಾಣ ಘೋಷಿಸಿದ ಪೂರ್ಣ ತೆರಿಗೆ ವಿನಾಯಿತಿಯ ಗಡುವು 2026ರ ಡಿಸೆಂಬರ್ 31.

ಇಷ್ಟೆಲ್ಲ ಹೇಳಿದ್ದು ಹೇಗಿದ್ದರೂ ಒಂದು ಕಾರು ಕೊಳ್ಳಲೇಬೇಕಾದವರಿಗೆ. ಮನೆಯಲ್ಲಿ ಚೆನ್ನಾಗಿ ಓಡುವ ಹಳೆಯ ಕಾರು ಇದ್ದರೆ ಲೆಕ್ಕವೇ ಬೇರೆ. ₹14 ಲಕ್ಷವನ್ನು ಶೇ 9ರ ಬಡ್ಡಿಗೆ ಸಾಲ ತಂದರೆ ಮೊದಲ ವರ್ಷದ ಬಡ್ಡಿಯೇ ಲಕ್ಷ ದಾಟುತ್ತದೆ. ನನ್ನ ಓಡಾಟ ವರ್ಷಕ್ಕೆ ಎಂಟೂವರೆ ಸಾವಿರ ಕಿ.ಮೀ.; ಉಳಿತಾಯ ಹೆಚ್ಚೆಂದರೆ ₹47 ಸಾವಿರ. ಪೆಟ್ರೋಲ್ ಉಳಿಸಲೆಂದು ಓಡುವ ಕಾರನ್ನು ಮಾರುವುದು ನಷ್ಟದ ಬಾಬತ್ತು. ಹೊಗೆ ಉಗುಳಬಾರದು ಎಂಬ ಮನಸ್ಸಿನಿಂದ ಮಾರಿದರೆ ಅದು ಒಳ್ಳೆಯ ಕಾರಣವೇ, ಆದರೆ ಅದನ್ನು ಉಳಿತಾಯದ ಬಾಬತ್ತಿಗೆ ಬರೆಯಲು ಬರುವುದಿಲ್ಲ.

ವಿಳಾಸ ಕೇಳುವ ಕಾರು

ಈಗ ಅಸಲು ವಿಷಯ. ಮೇಲಿನ ಎಲ್ಲ ಲೆಕ್ಕವೂ ಮನೆಯಲ್ಲಿ ಚಾರ್ಜ್ ಮಾಡುತ್ತೇವೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಪಾರ್ಕಿಂಗ್‌ನಲ್ಲಿ ಒಂದು 15 ಆಂಪಿಯರ್ ಸಾಕೆಟ್ ಇದ್ದರೆ ಸಾಕು. ಗಂಟೆಗೆ 3 ಯೂನಿಟ್‌ನಂತೆ ರಾತ್ರಿ ಹತ್ತು ತಾಸಿನಲ್ಲಿ 30 ಯೂನಿಟ್ ತುಂಬುತ್ತದೆ. ನಗರದ ಓಡಾಟಕ್ಕೆ ಅದು ನಾಲ್ಕೈದು ದಿನಕ್ಕೆ ಸಾಲುತ್ತದೆ. ಸಾಕೆಟ್ ಇಲ್ಲದಿದ್ದರೆ ಸಾರ್ವಜನಿಕ ಫಾಸ್ಟ್ ಚಾರ್ಜರ್ ಹುಡುಕಬೇಕು. ಅಲ್ಲಿ ಯೂನಿಟ್‌ಗೆ ₹20ಕ್ಕೂ ಮಿಗಿಲು, ಮೇಲೆ ಶೇ 18ರಷ್ಟು ಜಿಎಸ್‌ಟಿ. ಉಳಿತಾಯ ಕಿಲೋಮೀಟರಿಗೆ ₹4ರ ಕೆಳಗೆ ಬರುತ್ತದೆ. ಜೊತೆಗೆ ವಾರಕ್ಕೊಮ್ಮೆ ಒಂದು ತಾಸು ಕಾರಿನಲ್ಲಿ ಕೂತು ಕಾಯುವುದು.

ನಾನಿರುವುದು ಬಾಡಿಗೆ ಫ್ಲ್ಯಾಟ್. ಪಾರ್ಕಿಂಗ್‌ಗೆ ನಮ್ಮ ಮೀಟರಿನಿಂದ ವೈರ್ ಎಳೆದುಕೊಳ್ಳಲು ಸೊಸೈಟಿಯನ್ನು ಕೇಳಿದಾಗ ಮಾಲೀಕರ ಪತ್ರ ತನ್ನಿ ಎಂದರು. ಮಾಲೀಕರು ವಿದೇಶದಲ್ಲಿದ್ದಾರೆ; ಸೊಸೈಟಿ ಒಪ್ಪಿದರೆ ನನ್ನದೇನೂ ತಕರಾರಿಲ್ಲ ಎಂದು ಮೆಸೇಜ್ ಹಾಕಿದರು. ಸೊಸೈಟಿಯವರು ವಾರ್ಷಿಕ ಸಭೆಯಲ್ಲಿ ಇಡುತ್ತೇವೆ ಎಂದರು. ಸಭೆಯಲ್ಲಿ ಕೂತು ಮಾತಾಡುವ ಹಕ್ಕು ಬಾಡಿಗೆದಾರನಿಗಿಲ್ಲ. ಹೀಗೆ ಏಳು ತಿಂಗಳು ಕಳೆದಿವೆ. ಬೇಡ ಎಂದು ಯಾರೂ ಹೇಳಿಲ್ಲ, ಆಗಲಿ ಎಂದೂ ಹೇಳಿಲ್ಲ.

ಪೆಟ್ರೋಲ್ ಕಾರು ನಮ್ಮ ವಿಳಾಸ ಕೇಳುವುದಿಲ್ಲ. ಎಲೆಕ್ಟ್ರಿಕ್ ಕಾರು ಕೇಳುತ್ತದೆ: ಈ ಊರಿನಲ್ಲಿ ಎಷ್ಟು ವರ್ಷ ಇರುತ್ತೀ, ಮನೆ ಸ್ವಂತದ್ದೋ ಬಾಡಿಗೆಯದ್ದೋ? ಹತ್ತು ವರ್ಷ ಪುಣೆಯಲ್ಲಿದ್ದೂ ಇಲ್ಲಿ ಮನೆ ತಗೊಳ್ಳಬೇಕೋ ಊರಿಗೆ ಮರಳಬೇಕೋ ಎಂದು ನಿರ್ಧರಿಸದ ನನ್ನಂಥವರನ್ನು ಅದು ಇಕ್ಕಟ್ಟಿಗೆ ಸಿಕ್ಕಿಸುತ್ತದೆ.

ರಾಜ್ಯ ದಾಟುವಾಗ

ಕೆಲಸ ಬದಲಾಗಿ ರಾಜ್ಯ ಬಿಟ್ಟರೆ 12 ತಿಂಗಳೊಳಗೆ ಹೊಸ ರಾಜ್ಯದಲ್ಲಿ ಕಾರನ್ನು ಮರುನೋಂದಣಿ ಮಾಡಿಸಬೇಕು. ತೆರಿಗೆ ಆ ರಾಜ್ಯದ ನಿಯಮದಂತೆ. ಇದನ್ನು ತಪ್ಪಿಸಲೆಂದೇ 2021ರ ಸೆಪ್ಟೆಂಬರ್‌ನಲ್ಲಿ ಬಿಎಚ್ ಸರಣಿ ಬಂತು. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯ ನೌಕರರಿಗೂ ಇದು ಲಭ್ಯ, ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಬೇಕು. ಎಲೆಕ್ಟ್ರಿಕ್ ಕಾರಿಗೆ ದರ ಶೇ 2ರಷ್ಟು ಕಡಿಮೆ, ಆದರೆ ಸೊನ್ನೆಯಲ್ಲ. ಮಹಾರಾಷ್ಟ್ರದಂಥ ವಿನಾಯಿತಿ ಇರುವ ರಾಜ್ಯದಲ್ಲಿ ಬಿಎಚ್ ತಗೊಂಡರೆ ಇಲ್ಲದ ತೆರಿಗೆಯನ್ನು ಕೇಳಿ ಕಟ್ಟಿದಂತೆ. ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುವವರಿಗೆ ಮಾತ್ರ ಅದು ಸರಿ.

ವಾರಂಟಿಯನ್ನೂ ಓದಿ ನೋಡಬೇಕು. ಕೆಲವು ಕಂಪನಿಗಳು ಕೊಡುವ ‘ಲೈಫ್‌ಟೈಮ್’ ಬ್ಯಾಟರಿ ವಾರಂಟಿ ಮೊದಲ ಮಾಲೀಕನಿಗೆ. ಕಾರು ಕೈ ಬದಲಾದರೆ ವರ್ಷ ಮತ್ತು ಕಿಲೋಮೀಟರ್ ಮಿತಿ ಬೀಳುತ್ತದೆ. ಊರು ಬಿಡುವಾಗ ಮಾರಿ ಹೋಗುವವರಿಗೆ ಮರುಮಾರಾಟದ ಬೆಲೆಯಲ್ಲಿ ಅದರ ಬಿಸಿ ತಟ್ಟುತ್ತದೆ.

ಊರಿನ ದಾರಿ

‘ದಾರ್ಯಾಗ ಚಾರ್ಜ್ ತೀರಿದ್ರ ಏನ್ ಮಾಡ್ತಿ ತಮ್ಮಾ?’ ಎಂದು ಅಪ್ಪ ಫೋನಿನಲ್ಲಿ ಕೇಳುತ್ತಲೇ ಇರುತ್ತಾರೆ. ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಸಣ್ಣ ತೊಂದರೆ ಅದು. ಪುಣೆಯಿಂದ ಹುಬ್ಬಳ್ಳಿಗೆ ಸುಮಾರು 430 ಕಿ.ಮೀ. ಜಾಹೀರಾತಿನಲ್ಲಿ 489 ಕಿ.ಮೀ. ಎಂದಿರುವ ಕಾರು ಹೆದ್ದಾರಿಯ ವೇಗದಲ್ಲಿ 300 ಕೊಟ್ಟರೆ ದೊಡ್ಡದು. ಕಂಬಾಟ್ಕಿ ಘಾಟ್ ಏರುವಾಗ ಇನ್ನೂ ಬೇಗ ಇಳಿಯುತ್ತದೆ. ಕೊಲ್ಹಾಪುರದಲ್ಲಿ ಊಟಕ್ಕೆ ನಿಲ್ಲಿಸಿ ಮುಕ್ಕಾಲು ತಾಸು ಚಾರ್ಜ್ ಮಾಡಿದರೆ ಬೆಳಗಾವಿ ದಾಟಿ ಮನೆ ಸೇರಬಹುದು. ದೀಪಾವಳಿ, ಗಣೇಶ ಚವತಿಯ ಹಿಂದಿನ ದಿನ ಮಾತ್ರ ಚಾರ್ಜರ್ ಮುಂದೆ ಸರದಿ ಇರುತ್ತದೆ ಎಂದು ಲೆಕ್ಕ ಹಾಕಿಯೇ ಹೊರಡಬೇಕು.

2024ರ ಕೊನೆಗೆ ದೇಶದಲ್ಲಿದ್ದ ಸುಮಾರು 25 ಸಾವಿರ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಲ್ಲಿ 5,700ಕ್ಕೂ ಹೆಚ್ಚು ಇದ್ದ ಕರ್ನಾಟಕ ಮೊದಲ ಸ್ಥಾನದಲ್ಲಿತ್ತು, 3,700ಕ್ಕೂ ಹೆಚ್ಚು ಇದ್ದ ಮಹಾರಾಷ್ಟ್ರ ಎರಡನೆಯದು. ಆದರೆ ನಮ್ಮಲ್ಲಿ ಹೆಚ್ಚಿನವು ಬೆಂಗಳೂರಿನಲ್ಲೇ ಇವೆ. ಇನ್ನೊಂದು ಮಾತು: ಮಹಾರಾಷ್ಟ್ರದ 2025ರ ನೀತಿಯಲ್ಲಿ ಎಲೆಕ್ಟ್ರಿಕ್ ಕಾರಿಗೆ ಪೂರ್ತಿ ಟೋಲ್ ಮಾಫಿ ಇರುವುದು ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ, ಸಮೃದ್ಧಿ ಮಹಾಮಾರ್ಗ ಮತ್ತು ಅಟಲ್ ಸೇತುವಿಗೆ. ಆ ಪಟ್ಟಿಯಲ್ಲಿ ನಮ್ಮ ಊರಿನ ದಾರಿ ಇಲ್ಲ. ವರ್ಷದಲ್ಲಿ ನಾಲ್ಕೈದು ಸಲದ ಈ ಪ್ರಯಾಣಕ್ಕೆಂದು ಇನ್ನೂ ನಾಲ್ಕೈದು ಲಕ್ಷ ಕೊಟ್ಟು ದೊಡ್ಡ ಬ್ಯಾಟರಿ ಹೊತ್ತು ತಿರುಗುವ ಅಗತ್ಯವಿಲ್ಲ.

ಆಗಬೇಕಾದ್ದು

ಪಿಎಂ ಇ-ಡ್ರೈವ್‌ನಲ್ಲಿ ಸಾರ್ವಜನಿಕ ಚಾರ್ಜಿಂಗ್‌ಗೆ ₹2,000 ಕೋಟಿ ಇಟ್ಟಿದ್ದಾರೆ. ಹೆದ್ದಾರಿಗೆ ಅದು ಬೇಕು. ಆದರೆ ಕಾರು ಹೆಚ್ಚು ಹೊತ್ತು ನಿಂತಿರುವುದು ಮನೆಯ ಕೆಳಗೆ. ಮನೆ, ಕಚೇರಿಯಲ್ಲಿ ಈಗಿರುವ ವಿದ್ಯುತ್ ಸಂಪರ್ಕದಿಂದಲೇ ವಾಹನ ಚಾರ್ಜ್ ಮಾಡಬಹುದು ಎಂದು ಇಂಧನ ಸಚಿವಾಲಯ 2022ರ ಜನವರಿಯ ಮಾರ್ಗಸೂಚಿಯಲ್ಲೇ ಹೇಳಿದೆ. ಮೀಟರಿಗೂ ಪಾರ್ಕಿಂಗ್‌ಗೂ ನಡುವೆ ಸೊಸೈಟಿ ಇದೆ, ಮಾಲೀಕ ಇದ್ದಾನೆ. ಇಷ್ಟು ದಿನದೊಳಗೆ ಉತ್ತರ ಕೊಡಬೇಕು, ಬೇಡವೆಂದರೆ ಸುರಕ್ಷತೆಯ ಕಾರಣ ಬರೆದು ಕೊಡಬೇಕು, ಬಾಡಿಗೆದಾರನ ಅರ್ಜಿಯನ್ನೂ ಮಾಲೀಕನ ಅರ್ಜಿಯಂತೆ ನೋಡಬೇಕು ಎಂಬ ಸ್ಪಷ್ಟ ನಿಯಮ ಎಲ್ಲ ರಾಜ್ಯಗಳಲ್ಲೂ ಬರಬೇಕು. ಹೀಗೆ ಮಾಡಲು ಸರ್ಕಾರಕ್ಕೆ ಸಬ್ಸಿಡಿಯ ಖರ್ಚೂ ಇಲ್ಲ.

ಪಾರ್ಕಿಂಗ್‌ನಲ್ಲಿ ನಿಮ್ಮದೇ ಸಾಕೆಟ್ ಇದ್ದು, ವರ್ಷಕ್ಕೆ 10 ಸಾವಿರ ಕಿ.ಮೀ. ಮೀರಿ ಓಡಿಸುವವರಾಗಿದ್ದು, ಕಾರು ಬೇಕೇ ಬೇಕು ಎಂದಾದರೆ ಕಾಯಬೇಡಿ. ಮೊದಲ ಕಾರಿಗೆ 45 ಕಿಲೋವ್ಯಾಟ್ ಅವರ್ ಆಸುಪಾಸಿನ ಬ್ಯಾಟರಿ ಸಾಕು. ಸಾಕೆಟ್ ಇಲ್ಲವಾದರೆ ಡಿಸ್ಕೌಂಟ್ ಎಷ್ಟೇ ಇರಲಿ, ಬುಕಿಂಗ್ ಮಾಡಬೇಡಿ. ನಮ್ಮ ಬಾಡಿಗೆ ಕರಾರು ಜೂನ್‌ಗೆ ಮುಗಿಯುತ್ತದೆ. ಮುಂದಿನ ಮನೆ ಹುಡುಕುವಾಗ ಪಾರ್ಕಿಂಗ್‌ನಲ್ಲಿ ಚಾರ್ಜಿಂಗ್ ಪಾಯಿಂಟ್ ಬೇಕು ಎಂದು ಏಜೆಂಟರಿಗೆ ಮೊದಲೇ ಹೇಳಿಟ್ಟಿದ್ದೇನೆ. ಅದನ್ನು ಕರಾರು ಪತ್ರದಲ್ಲೂ ಬರೆಸಬೇಕೆಂದಿದ್ದೇನೆ. ಅಲ್ಲಿಯವರೆಗೆ ಹಳೆಯ ಹ್ಯಾಚ್‌ಬ್ಯಾಕ್ ಓಡುತ್ತದೆ.