ಹೀಟರ್ ಎಷ್ಟಕ್ಕಿಡಬೇಕು? ಒಂದು ಮನೆಜಗಳದ ಲೆಕ್ಕ

ಜೂನ್ ಬಂತೆಂದರೆ ನನಗೆ ಬರುವ ಪ್ರಶ್ನೆಗಳ ಧಾಟಿಯೇ ಬದಲಾಗುತ್ತದೆ. ಮಾರ್ಚ್‌ನಲ್ಲಿ ಯಾವ ಇಟಿಎಫ್ ಒಳ್ಳೆಯದು, ಎನ್‌ಆರ್‌ಇ ಖಾತೆಯ ಬಡ್ಡಿಗೆ ಇಲ್ಲಿ ತೆರಿಗೆ ಕಟ್ಟಬೇಕಾ ಅಂತ ಕೇಳುತ್ತಿದ್ದವರೇ ಈಗ "ನಿಮ್ಮನೇಲಿ ಹೀಟರ್ ಎಷ್ಟಕ್ಕಿಡ್ತೀರಿ?" ಅಂತ ಕೇಳುತ್ತಾರೆ. ಸ್ವರದಲ್ಲೇ ಗೊತ್ತಾಗುತ್ತದೆ, ಅವರ ಮನೆಯಲ್ಲಿ ಆಗಲೇ ಒಂದು ಸುತ್ತು ಮಾತಾಗಿದೆ. ಎರಡನೇ ಸುತ್ತಿಗೆ ಸಾಕ್ಷಿ ಬೇಕಾಗಿದೆ.

ಪಕ್ಷಗಳು ಎಲ್ಲರ ಮನೆಯಲ್ಲೂ ಎರಡೇ. ಒಂದು, "ಹದಿನೆಂಟು ಸಾಕು, ಇನ್ನೊಂದು ಸ್ವೆಟರ್ ಹಾಕ್ಕೋ" ಪಕ್ಷ. ಇನ್ನೊಂದು, "ದುಡಿಯೋದು ಯಾಕೆ ಮತ್ತೆ" ಪಕ್ಷ. ನಮ್ಮಲ್ಲಿ ಮೊದಲನೆಯದಕ್ಕೆ ನನ್ನ ಗಂಡ ಅಧ್ಯಕ್ಷರು, ಎರಡನೆಯದಕ್ಕೆ ನಾನು. ಮನೆಯ ಬಿಲ್ಲುಗಳ ಲೆಕ್ಕ ಇಡುವವಳೂ ನಾನೇ ಆದ್ದರಿಂದ ಈ ಬರಹ ನಿಷ್ಪಕ್ಷಪಾತವಾಗಿದೆ ಎಂದು ಯಾರೂ ನಂಬಬೇಕಾಗಿಲ್ಲ. ಅಂಕಿಗಳನ್ನು ಮಾತ್ರ ನೋಡಿ.

ಮೊದಲು ಬ್ರಿಸ್ಬೇನ್‌ನ ಗೆಳೆಯರಿಗೆ ಒಂದು ಮಾತು. ನೀವು ನಗಬಹುದು, ನಿಮ್ಮ ಜುಲೈ ಮಧ್ಯಾಹ್ನಗಳು ಇಪ್ಪತ್ತು ಡಿಗ್ರಿ ದಾಟುತ್ತವೆ. ಅಡಿಲೇಡ್‌ನಲ್ಲಿ ಜುಲೈ ತಿಂಗಳ ಸರಾಸರಿ ಕನಿಷ್ಠ ತಾಪಮಾನ ಏಳೂವರೆ ಡಿಗ್ರಿಯ ಆಸುಪಾಸು. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತ್ಯಂತ ಚಳಿಯ ದಿನ 1884ರ ಜನವರಿ 13. ಅಂದು ಉಷ್ಣಾಂಶ 7.8ಕ್ಕೆ ಇಳಿದಿತ್ತು. ಅಂದರೆ ಬೆಂಗಳೂರು ನೂರನಲವತ್ತು ವರ್ಷದಲ್ಲಿ ಒಮ್ಮೆ ಕಂಡ ಚಳಿ ನಮಗಿಲ್ಲಿ ಜುಲೈನ ಸಾಮಾನ್ಯ ಬೆಳಗ್ಗೆ. "ನಾವು ಚಿಕ್ಕವರಿದ್ದಾಗ ಹೀಟರ್ ಇತ್ತಾ?" ಎಂಬ ವಾದಕ್ಕೆ ಇಷ್ಟು ಉತ್ತರ ಸಾಕು. ಹೀಟರ್ ಇರಲಿಲ್ಲ ನಿಜ, ಈ ಚಳಿಯೂ ಇರಲಿಲ್ಲ. ಚಳಿ ಇದ್ದ ಮಲೆನಾಡಿನ ಕಡೆ ಅಗ್ಗಿಷ್ಟಿಕೆ ಇತ್ತು, ಬಚ್ಚಲೊಲೆ ಇತ್ತು, ಮನೆಮಂದಿಯೆಲ್ಲ ಅಲ್ಲೇ ಕೂತಿರುತ್ತಿದ್ದರು. ಅದಕ್ಕೆ ರಿಮೋಟ್ ಇರಲಿಲ್ಲ ಅನ್ನುವುದೊಂದೇ ನೆಮ್ಮದಿ.

ಒಂದೇ ಕೋಣೆಯಲ್ಲಿ ಒಬ್ಬರಿಗೆ ಸೆಖೆ, ಇನ್ನೊಬ್ಬರಿಗೆ ಚಳಿ ಆಗುವುದು ಹಟವೂ ಅಲ್ಲ, ನಾಟಕವೂ ಅಲ್ಲ. ಕಚೇರಿ ಕಟ್ಟಡಗಳಲ್ಲಿ ಎಷ್ಟು ಡಿಗ್ರಿ ಹಿತ ಎಂದು ಹೇಳುವ ಸೂತ್ರ 1960ರ ದಶಕದ್ದು. ಅದರಲ್ಲಿ ದೇಹ ಉತ್ಪಾದಿಸುವ ಶಾಖಕ್ಕೆ ತೆಗೆದುಕೊಂಡ ಮಾದರಿ ನಲವತ್ತು ವರ್ಷದ, ಎಪ್ಪತ್ತು ಕಿಲೋ ತೂಕದ ಗಂಡಸು. 2015ರಲ್ಲಿ ನೆದರ್‌ಲೆಂಡ್ಸ್‌ನ ಇಬ್ಬರು ಸಂಶೋಧಕರು ನೇಚರ್ ಕ್ಲೈಮೇಟ್ ಚೇಂಜ್ ಪತ್ರಿಕೆಯಲ್ಲಿ ಇದನ್ನು ಪ್ರಶ್ನಿಸಿದರು. ಅವರ ಅಧ್ಯಯನ ಸಣ್ಣದು, ಆದರೆ ವಿಷಯ ಸರಳ: ಹೆಂಗಸರ ದೇಹ ಸುಮ್ಮನೆ ಕೂತಾಗ ಆ ಸೂತ್ರ ಹೇಳುವುದಕ್ಕಿಂತ ಕಡಿಮೆ ಶಾಖ ಹೊರಡಿಸುತ್ತದೆ. ನನ್ನ ಗಂಡ ಸಂಜೆ ಏಳಕ್ಕೆ ರೈಲಿಳಿದು ಬಿರಬಿರನೆ ನಡೆದು ಮನೆಗೆ ಬಂದು "ಏನು ಒಲೆ ಥರ ಇಟ್ಟಿದೀಯ" ಅನ್ನುವಾಗ ಅವರ ಮೈ ಬೆಚ್ಚಗಿರುತ್ತದೆ. ನಾನು ಬೆಳಗ್ಗೆ ಒಂಬತ್ತರಿಂದ ಲ್ಯಾಪ್‌ಟಾಪ್ ಮುಂದೆ ಅಲುಗಾಡದೆ ಕೂತಿರುತ್ತೇನೆ. ಇಬ್ಬರೂ ಹೇಳುತ್ತಿರುವುದು ನಿಜವೇ.

ಈಗ ದುಡ್ಡಿಗೆ ಬರೋಣ. ದಕ್ಷಿಣ ಆಸ್ಟ್ರೇಲಿಯಾದ ಕರೆಂಟು ದೇಶದಲ್ಲೇ ದುಬಾರಿಯದರ ಸಾಲಿಗೆ ಸೇರಿದ್ದು. ಲೆಕ್ಕಕ್ಕೆ ಯೂನಿಟ್‌ಗೆ 45 ಸೆಂಟ್ ಇಟ್ಟುಕೊಳ್ಳುತ್ತೇನೆ, ನಿಮ್ಮ ಬಿಲ್ಲಿನ ದರ ಬೇರೆಯಿದ್ದರೆ ಅದನ್ನು ಹಾಕಿಕೊಳ್ಳಿ. ಹಜಾರದ ರಿವರ್ಸ್ ಸೈಕಲ್ ಎಸಿ 19 ಡಿಗ್ರಿಗೆ ಇಟ್ಟಾಗ ಸರಾಸರಿ 1.2 ಕಿಲೋವ್ಯಾಟ್ ಎಳೆಯುತ್ತದೆ, ದಿನಕ್ಕೆ ಎಂಟು ಗಂಟೆ, ತೊಂಬತ್ತು ದಿನ ಓಡುತ್ತದೆ ಅಂದುಕೊಳ್ಳಿ. 864 ಯೂನಿಟ್, ಅಂದರೆ ಇಡೀ ಚಳಿಗಾಲಕ್ಕೆ 389 ಡಾಲರ್.

ಒಂದು ಡಿಗ್ರಿ ಹೆಚ್ಚಿಸಿದರೆ ಖರ್ಚು ಶೇಕಡಾ 5ರಿಂದ 10ರಷ್ಟು ಏರುತ್ತದೆ ಎನ್ನುತ್ತದೆ ಆಸ್ಟ್ರೇಲಿಯಾ ಸರ್ಕಾರದ ಮಾರ್ಗಸೂಚಿ. ನನ್ನ ಗಂಡನ ಪಕ್ಷಕ್ಕೆ ಅನುಕೂಲವಾಗಲಿ ಅಂತ ಪೂರ್ತಿ ಹತ್ತೇ ಹಿಡಿಯುತ್ತೇನೆ. 19ರಿಂದ 21ಕ್ಕೆ ಹೋದರೆ ಚಳಿಗಾಲಕ್ಕೆ 82 ಡಾಲರ್ ಹೆಚ್ಚು, ದಿನಕ್ಕೆ 91 ಸೆಂಟ್. 23ಕ್ಕೆ ಹೋದರೆ 180 ಡಾಲರ್, ದಿನಕ್ಕೆ ಎರಡು ಡಾಲರ್. ಸಂಸಾರದಲ್ಲಿ ಮೂರು ತಿಂಗಳ ಮುನಿಸಿಗೆ ಕಾರಣವಾಗಿರುವ ಮೊತ್ತ ಇದು. ಚರ್ಚಿಲ್ ರೋಡಿನಲ್ಲಿ ಒಂದು ಕಾಫಿ ಇದಕ್ಕಿಂತ ತುಟ್ಟಿ.

ಅದರ ಮೇಲೆ, ರಿಮೋಟ್‌ನಲ್ಲಿ ಕಾಣುವ ಅಂಕಿ ಕೋಣೆಯ ತಾಪಮಾನವೂ ಅಲ್ಲ. ಎಸಿ ಗೋಡೆಯ ಮೇಲ್ಭಾಗದಲ್ಲಿ ಕೂತಿದೆ, ಬಿಸಿಗಾಳಿ ಮೇಲೇರುತ್ತದೆ, ಅದು ಅಳೆಯುವುದು ಅಲ್ಲಿಯ ಗಾಳಿಯನ್ನು. ಅಲ್ಲಿ 22 ಇದ್ದಾಗ ಕೆಳಗೆ ಸೋಫಾದ ಬಳಿ 19 ಇರಬಹುದು. ಹತ್ತು ಹದಿನೈದು ಡಾಲರಿನ ಒಂದು ತಾಪಮಾಪಕ ತಂದು ನೀವು ಕೂರುವ ಎತ್ತರದಲ್ಲಿಡಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ, ಯಾಕೆಂದರೆ ಇಬ್ಬರೂ ಇಷ್ಟು ದಿನ ಬೇರೆ ಬೇರೆ ಅಂಕಿಯ ಬಗ್ಗೆ ಮಾತಾಡುತ್ತಿದ್ದಿರಿ.

ಹಾಗಾದರೆ ದೊಡ್ಡ ಬಿಲ್ ಬರುವುದು ಎಲ್ಲಿಂದ? ಮಲಗುವ ಕೋಣೆಯಲ್ಲಿ ಪ್ಲಗ್ಗಿಗೆ ಚುಚ್ಚಿದ ಆ ಮೂವತ್ತು ಡಾಲರಿನ ಹೀಟರಿನಿಂದ. ಇದರಲ್ಲಿ ನಾನು ಗಂಡನ ಪಕ್ಷ. ಸಾಮಾನ್ಯ ಪ್ಲಗ್ಗಿನಿಂದ ಎಳೆಯಬಹುದಾದ ಗರಿಷ್ಠ 2400 ವ್ಯಾಟ್, ಅದಕ್ಕೇ ಅಂಗಡಿಯಲ್ಲಿ ಎಲ್ಲ ದೊಡ್ಡ ಹೀಟರುಗಳ ಮೇಲೂ ಅದೇ ಅಂಕಿ. ಅದು ಬಿಟ್ಟು ಬಿಟ್ಟು ಉರಿದು ಸರಾಸರಿ ಅರ್ಧ ತಿಂದರೂ ರಾತ್ರಿ ಎಂಟು ಗಂಟೆಗೆ 9.6 ಯೂನಿಟ್, 4 ಡಾಲರ್ 32 ಸೆಂಟ್. ತೊಂಬತ್ತು ರಾತ್ರಿಗೆ 389 ಡಾಲರ್. ಹಜಾರದ ಎಸಿಯಷ್ಟೇ! ಆದರೆ ಎಸಿ ಒಂದು ಯೂನಿಟ್ ಕರೆಂಟಿಗೆ ಹೊರಗಿನ ಗಾಳಿಯಿಂದ ಶಾಖ ಎಳೆದು ಮೂರು ನಾಲ್ಕು ಯೂನಿಟ್ ಒಳಗೆ ತರುತ್ತದೆ. ಈ ಹೀಟರು ಒಂದಕ್ಕೆ ಒಂದೇ ಕೊಡುತ್ತದೆ. ಎಣ್ಣೆ ತುಂಬಿದ್ದು, ಸೆರಾಮಿಕ್, ಪ್ಯಾನೆಲ್, ಹೆಸರು ಏನೇ ಇರಲಿ, ಭೌತಶಾಸ್ತ್ರ ಒಂದೇ. ಅದೇ ಹಾಸಿಗೆಯ ಎಲೆಕ್ಟ್ರಿಕ್ ಬ್ಲಾಂಕೆಟ್ ನೂರು ವ್ಯಾಟ್ ತಿಂದರೂ ಇಡೀ ರಾತ್ರಿಗೆ 36 ಸೆಂಟ್.

ಇನ್ನೊಂದು ಬಿಲ್ ಮನೆಯದ್ದೇ. ಕಿಲ್ಬರ್ನ್‌ನಲ್ಲಿ ಇರುವವರಿಗೆ ಗೊತ್ತು. ಒಂದು ಕಾಲಕ್ಕೆ ಈ ಊರಿನ ಹೆಸರೇ ಚಿಕಾಗೋ. ಪಕ್ಕದಲ್ಲಿ ಇಸ್ಲಿಂಗ್ಟನ್ ರೈಲ್ವೆ ಕಾರ್ಯಾಗಾರ, ಅಲ್ಲಿಯ ಮತ್ತು ಸುತ್ತಲ ಕಾರ್ಖಾನೆಗಳ ಕೆಲಸಗಾರರಿಗೆ ಮಹಾಯುದ್ಧದ ಆಸುಪಾಸಿನಲ್ಲಿ ಹೌಸಿಂಗ್ ಟ್ರಸ್ಟ್ ಕಟ್ಟಿದ ಜೋಡಿಮನೆಗಳು. ಗಟ್ಟಿಮುಟ್ಟಾದ ಮನೆಗಳು, ಆದರೆ ಶಾಖ ಹಿಡಿದಿಡುವ ಯೋಚನೆ ಮಾಡಿ ಕಟ್ಟಿದವಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಮನೆಗಳ ಇಂಧನ ದಕ್ಷತೆಯ ನಿಯಮ ಸೇರಿದ್ದೇ 2003ರಲ್ಲಿ. ಅದಕ್ಕೆ ಮೊದಲಿನ ಮನೆಯಲ್ಲಿ ಬಾಡಿಗೆಗಿದ್ದರೆ ನೀವು ಬಿಸಿ ಮಾಡುತ್ತಿರುವುದು ಸ್ವಲ್ಪ ಮನೆಯನ್ನು, ಉಳಿದಂತೆ ಪ್ರಾಸ್ಪೆಕ್ಟ್ ರೋಡನ್ನು. ಹೊದಿಕೆಯಿಲ್ಲದ ಚಾವಣಿಯಿಂದ ಶೇಕಡಾ 25ರಿಂದ 35, ಸಂದುಗೊಂದುಗಳ ಗಾಳಿಯಿಂದ 15ರಿಂದ 25 ಶಾಖ ಹೋಗುತ್ತದೆ ಎಂಬುದು ಸರ್ಕಾರದ್ದೇ ಅಂದಾಜು. ಇದರ ಮುಂದೆ ಒಂದು ಡಿಗ್ರಿ ಯಾವ ಲೆಕ್ಕ?

ಬಾಡಿಗೆಯವರಿಗೆ ಇಲ್ಲಿ ನಿಜವಾದ ಅನ್ಯಾಯವಿದೆ. ಇನ್ಸುಲೇಷನ್ ಹಾಕಿಸಬೇಕಾದವರು ಮಾಲೀಕರು, ಬಿಲ್ ಕಟ್ಟುವವರು ನೀವು. ಅವರಿಗೆ ಹಾಕಿಸುವ ತುರ್ತಿಲ್ಲ, ನಿಮಗೆ ಹಾಕಿಸುವ ಅಧಿಕಾರವಿಲ್ಲ. ವಿಕ್ಟೋರಿಯಾ 2021ರ ಮಾರ್ಚ್‌ನಿಂದ ಬಾಡಿಗೆ ಮನೆಯ ಮುಖ್ಯ ಕೋಣೆಯಲ್ಲಿ ಅಳವಡಿಸಿದ ಹೀಟರ್ ಇರಲೇಬೇಕು ಎಂದು ನಿಯಮ ಮಾಡಿದೆ. ಅಷ್ಟಾದರೂ ಎಲ್ಲ ರಾಜ್ಯಗಳಲ್ಲೂ ಬರಬೇಕು. ಅಲ್ಲಿಯವರೆಗೆ ಬಾಗಿಲಡಿಗೆ ಪಟ್ಟಿ, ಕಿಟಕಿಗೆ ನೆಲದವರೆಗಿನ ದಪ್ಪ ಪರದೆ, ಬಳಸದ ಕೋಣೆಯ ಬಾಗಿಲು ಮುಚ್ಚುವುದು, ಇಷ್ಟು ನಮ್ಮ ಕೈಯಲ್ಲಿದೆ. ಹಳೆಯ ಮನೆಗಳ ಗೋಡೆಯಲ್ಲಿ ಮೇಲೆ ಕಾಣುವ ಗಾಳಿಕಿಂಡಿಗಳನ್ನು ಮಾತ್ರ ವಿಚಾರಿಸದೆ ಮುಚ್ಚಬೇಡಿ. ಮನೆಯಲ್ಲಿ ಗ್ಯಾಸ್ ಹೀಟರ್ ಇದ್ದರೆ ಆ ಕಿಂಡಿ ಜೀವ ಉಳಿಸುವಂಥದ್ದು.

ನಾನು ಇಷ್ಟೆಲ್ಲ ಬರೆಯಲು ಅಸಲಿ ಕಾರಣ ಬೇರೆ. ಈ ವರ್ಷ ಅತ್ತೆ ಮಾವ ಮೈಸೂರಿನಿಂದ ಬಂದಿದ್ದಾರೆ. ನಮ್ಮಲ್ಲಿ ಅನೇಕರ ಅಪ್ಪ ಅಮ್ಮ ಬರುವುದು ಊರಿನ ಬೇಸಿಗೆ ತಪ್ಪಿಸಿಕೊಳ್ಳಲು, ಅಂದರೆ ಸರಿಯಾಗಿ ಇಲ್ಲಿಯ ಚಳಿಗೆ. ಹಗಲಿಡೀ ಮನೆಯಲ್ಲಿರುವವರು ಅವರು. ಮೇಲೆ ಸ್ವೆಟರ್, ಅದರ ಮೇಲೆ ಶಾಲು, ಕಾಲಿಗೆ ಎರಡು ಜೊತೆ ಕಾಲುಚೀಲ. "ಹೀಟರ್ ಹಾಕ್ಕೊಳ್ಳಿ ಅಮ್ಮ" ಅಂದರೆ "ನಂಗೇನೂ ಚಳಿ ಇಲ್ಲಪ್ಪ". ಅವರ ಲೆಕ್ಕ ನನಗೆ ಅರ್ಥವಾಗುತ್ತದೆ. ಅವರ ಮನೆಗೆ ಗೃಹಜ್ಯೋತಿ ಬಂದಮೇಲೆ, 2023ರಿಂದ, ಕರೆಂಟಿಗೆ ಶೂನ್ಯ ಬಿಲ್. ಆ ಯೋಜನೆಯ ಮಿತಿ ತಿಂಗಳಿಗೆ 200 ಯೂನಿಟ್. ಅದೇ 200 ಯೂನಿಟ್‌ಗೆ ಇಲ್ಲಿ 90 ಡಾಲರ್. ರೂಪಾಯಿಗೆ ಗುಣಿಸಿದರೆ ಐದು ಸಾವಿರ ಚಿಲ್ಲರೆ. ಅವರು ಗುಣಿಸುತ್ತಾರೆ. ಮಗ ಫೋನಿನಲ್ಲಿ ಬಿಲ್ ನೋಡಿ ನಿಟ್ಟುಸಿರು ಬಿಟ್ಟದ್ದನ್ನು ಕೇಳಿಸಿಕೊಂಡೂ ಇರುತ್ತಾರೆ. ಆಮೇಲೆ ಅವರ ಕೈಯಲ್ಲಿ ರಿಮೋಟ್ ಒತ್ತಿಸುವುದು ಸುಲಭವಲ್ಲ.

ಇಲ್ಲಿ ಉಳಿತಾಯದ ಮಾತು ಅಪಾಯಕ್ಕೆ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರ ವಸತಿ ಮಾರ್ಗಸೂಚಿಯಲ್ಲಿ ಚಳಿ ಪ್ರದೇಶದ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕು ಎಂದಿದೆ. ಅದು ಎಲ್ಲರಿಗೂ ಹೇಳಿದ ಕನಿಷ್ಠ. ವಯಸ್ಸಾದವರಿಗೆ, ಬಿಪಿ ಉಸಿರಾಟದ ತೊಂದರೆ ಇರುವವರಿಗೆ ಇನ್ನೂ ಬೆಚ್ಚಗಿರಬೇಕಾಗಬಹುದು. 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಹದಿಮೂರು ದೇಶಗಳ ಅಧ್ಯಯನವೊಂದು ಬಂತು. ಆಸ್ಟ್ರೇಲಿಯಾದಲ್ಲಿ ಸಾವುಗಳ ಸುಮಾರು ಆರೂವರೆ ಶೇಕಡಾ ಚಳಿಗೆ ಸಂಬಂಧಿಸಿದ್ದು, ಸ್ವೀಡನ್‌ನಲ್ಲಿ ನಾಲ್ಕಕ್ಕಿಂತ ಕಡಿಮೆ. ಹಿಮದ ದೇಶದವರು ಮನೆಯೊಳಗೆ ಬೆಚ್ಚಗಿರುತ್ತಾರೆ. ಬಿಸಿಲಿನ ದೇಶ ಅಂದುಕೊಂಡ ನಾವು ಒಳಗೂ ಜಾಕೆಟ್ ಹಾಕಿ ಕೂರುತ್ತೇವೆ. ಸಂದರ್ಶಕ ವೀಸಾದಲ್ಲಿ ಬಂದ ಹಿರಿಯರಿಗೆ ಮೆಡಿಕೇರ್ ಇಲ್ಲ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವರ ವಿಮೆ ಹಳೆಯ ಕಾಯಿಲೆಗಳನ್ನು ಎಷ್ಟು ಒಳಗೊಳ್ಳುತ್ತದೆ ಎಂದು ಪಾಲಿಸಿ ತೆಗೆದು ಓದಿ, ಆಮೇಲೆ 82 ಡಾಲರ್‌ಗೆ ವಾದ ಮಾಡಿ.

ನಗು ತರಿಸುವ ವಿಷಯವೆಂದರೆ, ಮಾಡಿನ ಮೇಲೆ ಸೋಲಾರ್ ಇರುವ ಮನೆಗಳಲ್ಲೂ ಇದೇ ನಡೆಯುತ್ತದೆ. ಬಿಸಿಲಿರುವ ಚಳಿಗಾಲದ ಮಧ್ಯಾಹ್ನ ಪ್ಯಾನೆಲ್‌ಗಳು ಹೆಚ್ಚುವರಿ ಕರೆಂಟನ್ನು ಯೂನಿಟ್‌ಗೆ ಕೆಲವೇ ಸೆಂಟಿಗೆ ಗ್ರಿಡ್ಡಿಗೆ ಕೊಡುತ್ತಿರುತ್ತವೆ, ಅದರ ಕೆಳಗೆ ಅಜ್ಜಿ ಶಾಲು ಹೊದ್ದು ನಡುಗುತ್ತಿರುತ್ತಾರೆ. ಸಂಜೆ ಎಲ್ಲರೂ ಬಂದಮೇಲೆ 45 ಸೆಂಟ್ ಕೊಟ್ಟು ಬಿಸಿ ಮಾಡುತ್ತೇವೆ. ಹನ್ನೊಂದಕ್ಕೆ ಎಸಿ ಹಾಕಿ 22ಕ್ಕೆ ಬಿಟ್ಟರೆ ಹಿರಿಯರೂ ಬೆಚ್ಚಗಿರುತ್ತಾರೆ, ಇಟ್ಟಿಗೆ ಗೋಡೆಗಳೂ ಒಂದಿಷ್ಟು ಶಾಖ ಹಿಡಿದು ಸಂಜೆಯ ಹೊರೆ ಇಳಿಸುತ್ತವೆ. ಸೋಲಾರ್ ಇಲ್ಲದಿದ್ದರೂ ಪ್ಲಾನ್ ನೋಡಿ: ಈ ರಾಜ್ಯದಲ್ಲಿ ಸಮಯಕ್ಕೆ ತಕ್ಕ ದರದ ಪ್ಲಾನ್‌ಗಳಲ್ಲಿ ನಡುಹಗಲು ಅಗ್ಗ.

ಪ್ಲಾನ್ ಅಂದಮೇಲೆ, ಡಿಗ್ರಿಗಾಗಿ ಹೋರಾಡುವವರಲ್ಲಿ ಎಷ್ಟು ಜನ ಎನರ್ಜಿ ಮೇಡ್ ಈಸಿಯಲ್ಲಿ ತಮ್ಮ ಬಿಲ್ ಹಾಕಿ ನೋಡಿದ್ದಾರೆ? ಸರ್ಕಾರದ ಜಾಲತಾಣ, ಕಮಿಷನ್ ಇಲ್ಲ, ಹತ್ತು ನಿಮಿಷದ ಕೆಲಸ. ಮನೆಸಾಲ ಆರು ಲಕ್ಷ ಡಾಲರ್ ಇದ್ದರೆ ಬ್ಯಾಂಕಿಗೆ ಫೋನ್ ಮಾಡಿ ಕಾಲು ಶೇಕಡಾ ಇಳಿಸಿಕೊಂಡರೆ ವರ್ಷಕ್ಕೆ 1500 ಡಾಲರ್. ನಮ್ಮ 82 ಡಾಲರ್ ಜಗಳವನ್ನು ಹದಿನೆಂಟು ಚಳಿಗಾಲ ಮಾಡಬಹುದು ಅದರಲ್ಲಿ. ಆದರೆ ಬ್ಯಾಂಕಿನವರ ಜೊತೆ ಮಾತಾಡಲು ಸಂಕೋಚ, ಹೆಂಡತಿಯ ಜೊತೆಗೆ ಇಲ್ಲ. ನಾವು ಖರ್ಚು ಹಿಡಿಯುವುದು ಎಲ್ಲಿ ಕೈಗೆ ಸುಲಭವಾಗಿ ಸಿಗುತ್ತದೋ ಅಲ್ಲಿ. ರಿಮೋಟ್ ಸೋಫಾದ ಮೇಲೇ ಬಿದ್ದಿರುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇದು. ಯಾರು ಮನೆಯಲ್ಲಿ ಹೆಚ್ಚು ಹೊತ್ತು ಕೂರುತ್ತಾರೋ, ಅವರಲ್ಲಿ ಯಾರಿಗೆ ಹೆಚ್ಚು ಚಳಿಯೋ, ಹಗಲಿನ ಅಂಕಿ ಅವರದ್ದು. ಉಳಿಸಬೇಕು ಅನ್ನುವವರಿಗೆ ಚಾವಣಿ, ಬಾಗಿಲು, ಪ್ಲಾನ್, ಮಲಗುವ ಕೋಣೆಯ ಹೀಟರ್, ಸಾಲದ ಬಡ್ಡಿ, ಇಷ್ಟೂ ಬಿಟ್ಟುಕೊಡಲಾಗಿದೆ. ರಾತ್ರಿ ಮಲಗುವಾಗ ಇಳಿಸಬೇಕು ಅನ್ನುವ ವಾದಕ್ಕೆ ನನ್ನ ತಕರಾರಿಲ್ಲ, ಕೋಣೆ 18ಕ್ಕಿಂತ ಕೆಳಗಿಳಿಯದಿದ್ದರೆ ಸಾಕು.

ನಮ್ಮಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ರಿಮೋಟ್ ಅತ್ತೆಯದ್ದು. ಬಿಲ್ ಅವರಿಗೆ ತೋರಿಸುವುದಿಲ್ಲ, ಅದು ನನ್ನ ಷರತ್ತು. ಬಾಗಿಲಡಿಯ ಪಟ್ಟಿ ಗಂಡನ ಪಾಲಿಗೆ ಬಂದಿದೆ. ಶನಿವಾರ ತರುತ್ತಾರಂತೆ, ಅಳತೆ 82 ಸೆಂಟಿಮೀಟರ್.